ಹಳೇ ಬಾಡಿ, ನಾಲ್ಕು ಫೋಟೋ, ಆರು ತೂತು

ಕಳೆದ ಚಳಿಗಾಲ ಪೂರ್ತಿ ನಾನು ಒಂದು ಹರಿದ ಬಟ್ಟೆಯ ಫೋಟೋ ನೋಡುತ್ತಾ ಕಳೆದೆ. ಬಿಳಿಯೂ ಅಲ್ಲ, ಕಂದೂ ಅಲ್ಲ, ಅಂಥ ಬಣ್ಣ. ಎರಡು ಬಟ್ಟಲಿನ ಆಕಾರ. ಅಲ್ಲಲ್ಲಿ ಹರಿದು ಜೂಲಾದ ಅಂಚು. ಒಂದು ಪಕ್ಕದಲ್ಲಿ ಮಾತ್ರ ಬಟ್ಟೆ ಪಕ್ಕೆಲುಬಿನ ತನಕ ಇಳಿದಿದೆ, ಅದರ ಅಂಚಿನಲ್ಲಿ ಸಾಲಾಗಿ ಆರು ಸಣ್ಣ ತೂತು. ಏನೂ ಹೇಳದೆ ತೋರಿಸಿದರೆ ಯಾರಾದರೂ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ಹಳೇ ಬಾಡಿ ಅಂದುಕೊಳ್ಳುತ್ತಾರೆ. ನನ್ನ ಗಂಡ ಹಾಗೇ ಅಂದುಕೊಂಡರು.

ಅದು 15ನೇ ಶತಮಾನದ್ದು. ಆಸ್ಟ್ರಿಯಾ ದೇಶದ ಪೂರ್ವ ಟಿರೋಲ್‌ನಲ್ಲಿ ನಿಕೋಲ್ಸ್‌ಡೋರ್ಫ್ ಅಂತ ಒಂದು ಊರಿದೆ, ಅದರ ಮೇಲಿನ ಗುಡ್ಡದಲ್ಲಿ ಲೆಂಗ್‌ಬೆರ್ಗ್ ಕೋಟೆ. 2008ರಲ್ಲಿ ಆ ಕೋಟೆ ರಿಪೇರಿ ಮಾಡುವಾಗ ಒಂದು ಕೋಣೆಯ ನೆಲದ ಕೆಳಗೆ, ಕಮಾನಿನ ಸಂದಿಯಲ್ಲಿ ತುಂಬಿದ್ದ ಕಸ ಸಿಕ್ಕಿತು. ಮರದ ಚೂರು, ಚರ್ಮದ ಚಪ್ಪಲಿ, ಬಟ್ಟೆ. ಬಟ್ಟೆಯ ತುಂಡುಗಳೇ 2,700ಕ್ಕೂ ಜಾಸ್ತಿ. ಆ ಜಾಗ ಪೂರ್ತಿ ಒಣಗಿದ್ದರಿಂದ ಲಿನನ್, ಅಂದರೆ ಅಗಸೆ ನಾರಿನ ಬಟ್ಟೆ, ಕೊಳೆತಿರಲಿಲ್ಲ. 1480ರ ಸುಮಾರಿಗೆ ಕೋಟೆಗೆ ಇನ್ನೊಂದು ಅಂತಸ್ತು ಕಟ್ಟಿಸುವಾಗ, ನೆಲ ಮಟ್ಟ ಮಾಡಲು ಕೈಗೆ ಸಿಕ್ಕ ಹಳೇ ಸಾಮಾನೆಲ್ಲ ಸುರಿದಿದ್ದರು ಅಂತ ಅಧ್ಯಯನ ಮಾಡಿದವರ ಅಭಿಪ್ರಾಯ. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಬೆಯಾಟ್ರಿಕ್ಸ್ ನುಟ್ಸ್ ಆ ಬಟ್ಟೆಗಳ ಮೇಲೆ ಕೆಲಸ ಮಾಡಿದರು. ಅದರಲ್ಲಿ ನಾಲ್ಕು ತುಂಡು ಇವತ್ತಿನ ಬ್ರಾ ತರಹ ಇದ್ದವು. ಕಾರ್ಬನ್ ಪರೀಕ್ಷೆಯೂ 15ನೇ ಶತಮಾನ ಅಂತಲೇ ಹೇಳಿತು. 2012ರಲ್ಲಿ ಸುದ್ದಿ ಹೊರಬಂದಾಗ ಎಲ್ಲೆಲ್ಲೂ ಅದೇ ಮಾತು, ಯಾಕೆಂದರೆ ಅಲ್ಲಿಯವರೆಗೆ ಬಟ್ಟಲು ಇರುವ ಒಳಉಡುಪು ಅಂದರೆ 19ನೇ ಶತಮಾನದ ಕೊನೆಯ ಸಂಗತಿ ಅಂತಲೇ ಎಲ್ಲರೂ ನಂಬಿದ್ದರು.

ನಾನು ಹೊಲಿಯಲು ಹೊರಟದ್ದು ಆ ನಾಲ್ಕರಲ್ಲಿ ಕೊನೆಯದನ್ನು. ಪಕ್ಕೆಲುಬಿನವರೆಗೆ ಬರುವ ಉದ್ದನೆಯದು.

ನಾನು ಮ್ಯೂನಿಕ್‌ನಲ್ಲಿ ಇರುವುದು ಏಳು ವರ್ಷದಿಂದ. ಊರು ತಿಪಟೂರು. ಅಮ್ಮ ಮೂವತ್ತು ವರ್ಷ ನಮ್ಮ ಬೀದಿಯವರಿಗೆಲ್ಲ ರವಿಕೆ ಹೊಲಿದು ಕೊಟ್ಟವಳು. ಅವಳ ಎಡಗೈ ಕತ್ತರಿ ಹಿಡಿದರೆ ಗೀಟು ಹಾಕುವ ಅಗತ್ಯವೇ ಇರಲಿಲ್ಲ. ನಾನು ಮೂರನೇ ಕ್ಲಾಸಿನಲ್ಲಿ ಇರುವಾಗಲೇ ಕಾಜಾ ಹಾಕಲು ಕಲಿತೆ, ಮೆಷಿನ್ನಿನ ಪಕ್ಕ ಚಾಪೆ ಮೇಲೆ ಕೂತು. ಹಾಗಾಗಿ ಈ ಫೋಟೋ ನೋಡಿದ ದಿನ ನನ್ನ ಕಣ್ಣು ಮೊದಲು ಹೋದದ್ದು ವಯಸ್ಸಿನ ಕಡೆಗಲ್ಲ, ಹೊಲಿಗೆಯ ಕಡೆಗೆ. ಪ್ರತಿ ಬಟ್ಟಲಿಗೂ ಎರಡು ತುಂಡು, ನಡುವೆ ಮೇಲಿಂದ ಕೆಳಕ್ಕೆ ಒಂದು ಜೋಡು, ಅಂದರೆ ಎರಡನ್ನೂ ಸೇರಿಸುವ ಹೊಲಿಗೆ. ಇದನ್ನು ಕತ್ತರಿಸಿದವಳಿಗೆ ಮೈಯ ಅಂದಾಜು ಚೆನ್ನಾಗಿ ಗೊತ್ತಿತ್ತು. ಸಮತಟ್ಟಾದ ಬಟ್ಟೆಯಿಂದ ಉಬ್ಬು ತರುವುದು ಹೇಗೆ ಅಂತ ಗೊತ್ತಿದ್ದವರು ಮಾತ್ರ ಆ ಜಾಗದಲ್ಲಿ ಜೋಡು ಇಡುತ್ತಾರೆ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಅವಳ ಕೈ ಮಾತ್ರ ಹಾಗೇ ಉಳಿದಿದೆ. ಅದೇ ನನ್ನನ್ನು ಹಿಡಿದುಕೊಂಡಿತು.

ಕೈಯಲ್ಲಿ ಇದ್ದ ಆಧಾರ ಅಂದರೆ ನಾಲ್ಕು ಫೋಟೋ, ಅದರಲ್ಲಿ ಒಂದು ಮಾತ್ರ ಚೆನ್ನಾಗಿ ದೊಡ್ಡದು ಮಾಡಿ ನೋಡಬಹುದಾದದ್ದು. ಜೊತೆಗೆ ವಿಶ್ವವಿದ್ಯಾಲಯದವರು ಕೊಟ್ಟ ಚಿಕ್ಕ ವಿವರಣೆ. ಬಟ್ಟಲು ಎರಡೆರಡು ತುಂಡಿನದು, ಸುತ್ತಲಿನ ಬಟ್ಟೆ ಬಟ್ಟಲಿನ ಬಟ್ಟೆಗಿಂತ ಸ್ವಲ್ಪ ದಪ್ಪ, ಎಡಪಕ್ಕದಲ್ಲಿ ದಾರ ಕಟ್ಟಲು ಆರು ತೂತು, ಎದೆಯ ಭಾಗದಲ್ಲಿ ಸೂಜಿಯಿಂದಲೇ ಮಾಡಿದ ಲೇಸು. ಇಷ್ಟೇ. ಅಳತೆ ಹಾಕಿದ ನಕ್ಷೆ ನನ್ನ ಹತ್ತಿರ ಇರಲಿಲ್ಲ. ಬೆನ್ನು ಫೋಟೋದಲ್ಲಿ ಇಲ್ಲ. ಬಲಪಕ್ಕದ ಕೆಳಭಾಗವೂ ಇಲ್ಲ.

ಬೆನ್ನಿಗಾಗಿ ಚಿತ್ರ ಹುಡುಕಿದೆ. ವಿಯೆನ್ನಾದಲ್ಲಿ ಇರುವ ವೆನ್ಸೆಸ್ಲಾಸ್ ಬೈಬಲ್ ಅನ್ನುವ ಹಸ್ತಪ್ರತಿಯಲ್ಲಿ, ಅದು 1400ಕ್ಕೆ ಸ್ವಲ್ಪ ಮುಂಚಿನದು, ಸ್ನಾನದ ಮನೆಯಲ್ಲಿ ಕೆಲಸ ಮಾಡುವ ಹೆಂಗಸರ ಚಿತ್ರಗಳು ಅಂಚಿನ ತುಂಬಾ ಇವೆ. ತೋಳಿಲ್ಲದ, ತೆಳು ಪಟ್ಟಿಯ, ಎದೆಯ ಹತ್ತಿರ ಬಿಗಿಯಾದ ಬಿಳಿ ಉಡುಪು. ಕೈಯಲ್ಲಿ ಬಕೆಟ್ಟು. ಆ ಚಿತ್ರಗಳನ್ನು ನೋಡಿದ ಮೇಲೆ ಹೆಗಲಿನ ಪಟ್ಟಿ ಎಲ್ಲಿಂದ ಎಲ್ಲಿಗೆ ಹೋಗಬಹುದು ಅಂತ ಒಂದು ಅಂದಾಜು ಸಿಕ್ಕಿತು. ಅವರದ್ದು ಕಾಲಿನವರೆಗೆ ಬರುವ ಉಡುಪು. ನಾನು ಪಕ್ಕೆಲುಬಿಗೇ ನಿಲ್ಲಿಸಿದೆ, ವಿವರಣೆಯಲ್ಲಿ ಅಷ್ಟೇ ಇದ್ದದ್ದು.

ಬರಹದಲ್ಲೂ ಸ್ವಲ್ಪ ಸಿಗುತ್ತದೆ. ಫ್ರಾನ್ಸಿನ ರಾಜನ ಶಸ್ತ್ರವೈದ್ಯ ಆಂರಿ ದ ಮೊಂಡವಿಲ್ 14ನೇ ಶತಮಾನದ ಶುರುವಿನಲ್ಲೇ ಬರೆದಿದ್ದಾನೆ: ಕೆಲವು ಹೆಂಗಸರು ಉಡುಪಿನೊಳಗೆ ಎದೆಗೆ ಸರಿಯಾಗಿ ಕೂರುವ ಎರಡು ಚೀಲ ಇಟ್ಟುಕೊಳ್ಳುತ್ತಾರೆ, ಬೆಳಿಗ್ಗೆ ಎದ್ದು ಅದರೊಳಗೆ ಎದೆ ಕೂರಿಸಿ ಪಟ್ಟಿಯಿಂದ ಬಿಗಿಯುತ್ತಾರೆ ಅಂತ. 1480ರಲ್ಲಿ ಎರ್ಫುರ್ಟ್‌ನ ಕೊನ್ರಾಡ್ ಸ್ಟೋಲೆ ಅದೇ ಚೀಲದ ಅಂಗಿಗಳನ್ನು ನಾಚಿಕೆಗೇಡು ಅಂತ ಬೈದಿದ್ದಾನೆ. ಇವರೆಲ್ಲ ಗಂಡಸರು, ಹೊರಗಿಂದ ನೋಡಿ ಬರೆದವರು. ಅದನ್ನು ತೊಟ್ಟವಳು ಬರೆದ ಒಂದು ಸಾಲೂ ನನಗೆ ಸಿಗಲಿಲ್ಲ. ಆದರೆ ಮೊಂಡವಿಲ್‌ನ ಮಾತಿನಲ್ಲಿ ಒಂದು ಪದ ನನಗೆ ಮುಖ್ಯ ಅನ್ನಿಸಿತು. ಬಿಗಿಯುವುದು. ಅದರ ಬೆಲೆ ಆಮೇಲೆ ಗೊತ್ತಾಯಿತು.

ಮೊದಲ ಟ್ರಯಲ್ ಪೀಸ್ ಹಳೇ ಬೆಡ್‌ಶೀಟಿನಲ್ಲಿ ಮಾಡಿದೆ. ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ತೆಳು ಕಾಗದ ಇಟ್ಟು ಅಂಚುಗಳನ್ನೆಲ್ಲ ಪೆನ್ಸಿಲ್ಲಿನಿಂದ ಎಳೆದುಕೊಂಡೆ. ಆಕಾರ ಬಂತು, ಅಳತೆ ಬರಲಿಲ್ಲ. ಅಳತೆ ನನ್ನ ಮೈಯಿಂದಲೇ ತೆಗೆದುಕೊಳ್ಳಬೇಕಾಯಿತು. ಅದು ತಪ್ಪೂ ಅಲ್ಲ ಅಲ್ವಾ, ಅದನ್ನು ಹೊಲಿದವಳೂ ಯಾರದೋ ಮೈಗೇ ಅಳತೆ ತೆಗೆದಿದ್ದಳು. ಅಮ್ಮ ಕಟೋರಿ ಬ್ಲೌಸಿಗೆ ಹೇಗೆ ಡ್ರಾಫ್ಟಿಂಗ್ ಹಾಕುತ್ತಾಳೋ ಹಾಗೆ ನ್ಯೂಸ್‌ಪೇಪರ್ ಮೇಲೆ ಹಾಕಿದೆ. ನಮ್ಮ ಕಟೋರಿಯಲ್ಲಿ ಬಟ್ಟಲಿನ ಸುತ್ತ ದುಂಡಗೆ ಜೋಡು ಬರುತ್ತದೆ, ಕೆಳಗೆ ಒಂದು ಟಕ್ಕು, ಅಂದರೆ ಉಬ್ಬು ತರಲು ಬಟ್ಟೆಯನ್ನು ಮಡಚಿ ಹಾಕುವ ಹೊಲಿಗೆ. ಇಲ್ಲಿ ಟಕ್ಕೇ ಇಲ್ಲ, ಇರುವುದು ನಡುವಿನ ನೇರ ಜೋಡು. ಆದ್ದರಿಂದ ಕಟೋರಿಯನ್ನು ಕಾಗದದಲ್ಲೇ ಮೇಲಿಂದ ಕೆಳಕ್ಕೆ ಎರಡು ಸೀಳು ಮಾಡಿ, ಟಕ್ಕಿನಲ್ಲಿ ಹೋಗುತ್ತಿದ್ದ ಬಟ್ಟೆಯನ್ನು ಆ ಸೀಳಿನೊಳಗೇ ತಿರುವಿದೆ. ಎರಡು ತುಂಡಿನ ಅಂಚೂ ಬಿಲ್ಲಿನ ತರಹ ಬಾಗಿತು. ಫೋಟೋ ಪಕ್ಕ ಇಟ್ಟು ನೋಡಿದೆ. ಅದೇ ಬಾಗು! ಆ ಸಂಜೆ ನನಗೆ ಊಟ ಕೂಡ ಸೇರಲಿಲ್ಲ, ಅಷ್ಟು ಖುಷಿ.

ತೊಟ್ಟು ನೋಡಿದರೆ ಪೂರ್ತಿ ಸೋತಿತು. ಹೆಗಲಿನ ಪಟ್ಟಿ ಮಾಂಸದೊಳಗೆ ಕೂರುತ್ತಿತ್ತು, ಬಟ್ಟಲು ಕೆಳಗೆ ಜಾರುತ್ತಿತ್ತು, ಅರ್ಧ ಗಂಟೆಯಲ್ಲಿ ಕತ್ತು ನೋವು ಬಂತು. ಪಟ್ಟಿ ಮೋಟು ಮಾಡಿದೆ. ಇನ್ನೂ ಜಾಸ್ತಿ ನೋವು. ಮತ್ತೆ ಬಿಚ್ಚಿ ಬಟ್ಟಲು ಸಣ್ಣದು ಮಾಡಿದೆ. ಈಗ ಎದೆಯ ಮೇಲ್ಭಾಗ ಹೊರಗೆ ಉಕ್ಕಿತು. ಮೂರು ವಾರಾಂತ್ಯ ಹೀಗೇ ಹೋಯಿತು, ಬಿಚ್ಚುವುದು ಹೊಲಿಯುವುದು, ಬಿಚ್ಚುವುದು ಹೊಲಿಯುವುದು. ಇದು ಬರೀ ಅಲಂಕಾರಕ್ಕೆ ಇದ್ದ ಬಟ್ಟೆ ಇರಬಹುದೇನೋ, ಭಾರ ಹೊರಲು ಅಲ್ಲವೇನೋ ಅಂತ ಅನುಮಾನವೂ ಬಂತು.

ಭಾನುವಾರ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಅವಳು ಕನ್ನಡಕ ಏರಿಸಿಕೊಂಡು ಮೊದಲು ಫೋಟೋ ನೋಡಿದಳು, ಆಮೇಲೆ ನನ್ನದನ್ನು.

"ಬಟ್ಟೆ ಯಾವ್ ಕಡೆಗೆ ಇಟ್ಟು ಕತ್ತರಿಸ್ದೆ?"

"ಬಟ್ಟಲು ಕ್ರಾಸ್‌ನಲ್ಲಿ ಅಮ್ಮ, ನೂಲು ಓರೆ ಬರೋ ಹಾಗೆ. ದುಂಡಗೆ ಕೂರಲಿ ಅಂತ."

"ಕ್ರಾಸ್ ಇಟ್ರೆ ಎಳೀತದೆ ಕಣೇ. ಮೈ ಬಿಸಿ ತಾಗಿದ್ರೆ ಇನ್ನೂ ಎಳೀತದೆ. ಅಲ್ಲಿ ನೋಡು, ಆ ಫೋಟೋದಲ್ಲಿ, ನೂಲು ನೆಟ್ಟಗೆ ನಿಂತದೆ."

ನಾನು ಆ ಫೋಟೋವನ್ನು ನೂರು ಸಲ ನೋಡಿದ್ದೆ. ನೂಲಿನ ದಿಕ್ಕು ನೋಡಿರಲಿಲ್ಲ. ಮತ್ತೆ ದೊಡ್ಡದು ಮಾಡಿ, ಹರಿದ ಅಂಚಿನಲ್ಲಿ ಎಳೆಗಳು ಹೊರಬಂದ ಕಡೆ ಬೆರಳಿಟ್ಟು ಹಿಂಬಾಲಿಸಿದೆ. ನನ್ನ ಕಣ್ಣಿಗೂ ನೇರವಾಗಿಯೇ ಕಂಡಿತು.

ಅವಳು ಅಲ್ಲಿಗೇ ಬಿಡಲಿಲ್ಲ. "ಭಾರ ಹೆಗಲ ಮೇಲೆ ಯಾಕ್ ಹಾಕಿದೀಯ? ಕೆಳಗಿನ್ ಪಟ್ಟಿ ಲೂಸಾಗಿದೆ. ರವಿಕೆಗೆ ಕೆಳಗಿನ್ ಪಟ್ಟಿ ಸರಿಯಾಗಿ ಹಿಡೀದೆ ಹೋದ್ರೆ ಮೇಲೆ ಏನ್ ಮಾಡಿದ್ರೂ ನಿಲ್ಲಲ್ಲ ಅಂತ ಎಷ್ಟ್ ಸಲ ಹೇಳಿದೀನಿ ನಿಂಗೆ."

ಹೌದು, ಹೇಳಿದ್ದಾಳೆ. ನಾನು ಇವತ್ತಿನ ಬ್ರಾ ತಲೆಯಲ್ಲಿ ಇಟ್ಟುಕೊಂಡು ಹೊಲಿದಿದ್ದೆ. ಅದರಲ್ಲಿ ಎಲಾಸ್ಟಿಕ್ ಇರುತ್ತದೆ, ಅದು ತಾನೇ ಹಿಡಿದುಕೊಳ್ಳುತ್ತದೆ. ಲಿನನ್‌ಗೆ ಆ ಗುಣವಿಲ್ಲ. ಅದು ಎಳೆದರೆ ಬರುವುದಿಲ್ಲ, ಬಂದರೆ ವಾಪಸ್ ಹೋಗುವುದಿಲ್ಲ. ಹಿಡಿತ ಬೇಕು ಅಂದರೆ ಪಕ್ಕದ ಆರು ತೂತಿನ ಮೂಲಕವೇ ಬರಬೇಕು. ಸುತ್ತಲಿನ ಬಟ್ಟೆ ದಪ್ಪ, ಬಟ್ಟಲಿನದು ತೆಳು, ಯಾಕೆ ಅನ್ನುವುದಕ್ಕೂ ನನಗೆ ಅಲ್ಲೇ ಉತ್ತರ ಸಿಕ್ಕಿತು. ಭಾರ ಹೊರುವುದು ಪಕ್ಕೆಲುಬಿನ ಸುತ್ತಲಿನ ದಪ್ಪ ಬಟ್ಟೆ. ಬಟ್ಟಲು ಆ ಬಟ್ಟೆಯ ಮೇಲೆ ಕೂತಿರುತ್ತದೆ. ಹೆಗಲಿನ ಪಟ್ಟಿ ಸುಮ್ನೆ ಆಚೀಚೆ ಸರಿಯದ ಹಾಗೆ ಹಿಡಿದಿರುತ್ತದೆ, ಅಷ್ಟೇ. ನಾನು ಇಡೀ ಬಟ್ಟೆಯನ್ನು ತಲೆಕೆಳಗಾಗಿ ಅರ್ಥ ಮಾಡಿಕೊಂಡಿದ್ದೆ, ಮೇಲಿಂದ ನೇತಾಡುವ ವಸ್ತು ಅಂತ. ಅದು ಕೆಳಗಿಂದ ನಿಂತಿರುವ ವಸ್ತು.

ಎರಡನೇ ಸಲಕ್ಕೆ ನಿಜವಾದ ಲಿನನ್ ತಂದೆ, ಎರಡು ಥರದ್ದು. ಅಗಸೆ ನಾರಿನ ಬಟ್ಟೆ ಹೊಸದರಲ್ಲಿ ಕಾಗದದ ಹಾಗೆ ಸದ್ದು ಮಾಡುತ್ತದೆ. ಬಿಸಿನೀರಿನಲ್ಲಿ ಎರಡು ಸಲ ನೆನೆಸಿ ಒಣಗಿಸಿದ ಮೇಲೆ ಮೆತ್ತಗಾಯಿತು, ಕುಗ್ಗಬೇಕಾದಷ್ಟು ಕುಗ್ಗಿತು. ಇದನ್ನು ಮಾಡದೆ ಕತ್ತರಿಸಿದರೆ ಮೊದಲ ಒಗೆತದಲ್ಲೇ ಅಳತೆಯೆಲ್ಲ ಹೋಗುತ್ತದೆ. ಹೊಲಿಗೆ ಪೂರ್ತಿ ಕೈಯಲ್ಲೇ. ದಾರವೂ ಲಿನನ್, ಪ್ರತಿ ಸಲ ಸೂಜಿಗೆ ಪೋಣಿಸಿದ ಮೇಲೆ ಜೇನುಮೇಣದ ತುಂಡಿನ ಮೇಲೆ ಎರಡು ಸಲ ಎಳೆಯಬೇಕು, ಇಲ್ಲವಾದರೆ ಜುಂಗೆದ್ದು ಗಂಟಾಗುತ್ತದೆ. ಬಟ್ಟಲಿನ ಜೋಡನ್ನು ಹಿಂಹೊಲಿಗೆಯಲ್ಲಿ ಹಾಕಿದೆ, ಮುಂದೆ ಎರಡು ಹೆಜ್ಜೆ ಹಿಂದೆ ಒಂದು. ಆಮೇಲೆ ಒಳಗಿನ ಮಾರ್ಜಿನ್‌ನಲ್ಲಿ ಒಂದು ಕಡೆ ಸಣ್ಣದು ಮಾಡಿ, ಇನ್ನೊಂದು ಕಡೆಯದನ್ನು ಅದರ ಮೇಲೆ ಮಡಚಿ ಹೆಮ್ಮಿಂಗ್. ಒಳಗೆ ಒಂದು ನೂಲೂ ಹೊರಗೆ ಇಣುಕಬಾರದು, ಯಾಕೆಂದರೆ ಚರ್ಮಕ್ಕೆ ನೇರ ತಾಗುವ ಜಾಗ ಅದು. ಒಂದು ಬಟ್ಟಲಿಗೆ ಒಂದು ಸಂಜೆ ಪೂರ್ತಿ ಬೇಕಾಯಿತು. ಈ ಭಾಗದ ಬಗ್ಗೆ ಇಷ್ಟೇ, ರವಿಕೆ ಹೊಲಿದವರಿಗೆ ಹೊಸದೇನೂ ಇಲ್ಲ.

ತೂತುಗಳ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು.

ಟ್ರಯಲ್ ಪೀಸಿನಲ್ಲಿ ನಾನು ಕಾಜಾ ಹಾಕುವ ಹಾಗೆ ಮಾಡಿದ್ದೆ. ಅಂದರೆ ಕತ್ತರಿ ಮೊನೆಯಿಂದ ಚಿಕ್ಕದಾಗಿ ಕೊಯ್ದು, ಅಂಚಿಗೆ ಹೊಲಿಗೆ. ಗುಂಡಿ ತಡೆಯಲು ಅದು ಸಾಕು. ಲಾಡಿ ಬಿಗಿದು ಎಳೆದಾಗ ಎರಡು ಗಂಟೆಯಲ್ಲಿ ಎರಡು ತೂತು ಹರಿದು ಒಂದಾಯಿತು. ಕೊಯ್ದಾಗ ನೂಲು ತುಂಡಾಗುತ್ತದಲ್ಲ, ಎಳೆತ ತಡೆಯಬೇಕಾದ ನೂಲೇ ಅದು. ಹಳೇ ಕಾಲದಲ್ಲಿ ಇಂಥ ತೂತು ಕೊಯ್ಯುತ್ತಿರಲಿಲ್ಲ, ಚುಚ್ಚಿ ಅಗಲ ಮಾಡುತ್ತಿದ್ದರು. ನಮ್ಮಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ಇದೆಯಲ್ಲ, ಅಂಥದೇ ಒಂದು ಮೊನೆ ಬೇಕು. ಹೋದ ಸಲ ಊರಿಂದ ತಂದಿದ್ದ ದಬ್ಬಣ ಅಡುಗೆಮನೆಯ ಡ್ರಾಯರಿನಲ್ಲಿ ಇತ್ತು.

ಅಂಚನ್ನು ಎರಡು ಪದರ ಮಡಚಿ, ಪೆನ್ಸಿಲ್ಲಿನಲ್ಲಿ ಚುಕ್ಕೆ ಇಟ್ಟು, ಅದರ ಮೇಲೆ ದಬ್ಬಣದ ಮೊನೆ ಇಡಬೇಕು. ಒತ್ತಬಾರದು. ಮೊದಲು ತಿರುಗಿಸಬೇಕು, ಎರಡು ಬೆರಳಲ್ಲಿ, ಮೊನೆ ತಾನಾಗಿ ಎರಡು ನೂಲಿನ ನಡುವೆ ಜಾಗ ಹುಡುಕಿಕೊಳ್ಳುತ್ತದೆ. ಸಿಕ್ಕ ಕೂಡಲೇ ಒತ್ತು. ನೂಲುಗಳು ಪಕ್ಕಕ್ಕೆ ಸರಿದು ಒಂದರ ಮೇಲೊಂದು ಒತ್ತಿಕೊಂಡು ನಿಲ್ಲುತ್ತವೆ, ಒಂದೂ ತುಂಡಾಗುವುದಿಲ್ಲ. ದಬ್ಬಣ ತೆಗೆದರೆ ತೂತು ಮುಚ್ಚಿಕೊಳ್ಳಲು ಶುರುವಾಗುತ್ತದೆ, ಅಷ್ಟರಲ್ಲಿ ಸೂಜಿ ಇಳಿಸಬೇಕು. ಕೆಳಗಿಂದ ಮೇಲೆ, ತೂತಿನೊಳಗೆ, ಮತ್ತೆ ಕೆಳಗಿಂದ, ಸುತ್ತಲೂ ಹದಿನಾರೋ ಹದಿನೆಂಟೋ ಸುತ್ತು. ನಾಲ್ಕು ಹೊಲಿಗೆಗೊಮ್ಮೆ ಮತ್ತೆ ದಬ್ಬಣ ತೂರಿಸಿ ತಿರುಗಿಸಬೇಕು. ಮೊದಲ ತೂತಿಗೆ ಅರ್ಧ ಗಂಟೆ ಹಿಡಿಯಿತು. ಆರನೆಯದಕ್ಕೆ ಹನ್ನೆರಡು ನಿಮಿಷ. ಮುಗಿದ ಮೇಲೆ ಬೆರಳಿನಿಂದ ಮುಟ್ಟಿದರೆ ಸಣ್ಣ ಕಲ್ಲಿನ ಉಂಗುರದ ಹಾಗೆ ಗಟ್ಟಿ. ಫೋಟೋದಲ್ಲಿ ಸುತ್ತಲಿನ ಬಟ್ಟೆ ಚಿಂದಿಯಾಗಿದ್ದರೂ ಆರು ತೂತು ಎಣಿಸಲು ಬರುವ ಹಾಗೆ ಉಳಿದಿವೆಯಲ್ಲ, ಅದು ಹೇಗೆ ಅಂತ ನನ್ನ ಬೆರಳಿಗೆ ಅರ್ಥವಾಯಿತು.

ಎದುರಿನ ಅಂಚಿಗೂ ಆರು ಇಟ್ಟೆ. ಆದರೆ ಎದುರುಬದುರು ಇಡಲಿಲ್ಲ. ಆ ಕಾಲದಲ್ಲಿ ಒಂದೇ ಲಾಡಿಯನ್ನು ಸುರುಳಿ ಸುತ್ತಿದ ಹಾಗೆ ಕೆಳಗಿಂದ ಮೇಲೆ ತೂರಿಸುತ್ತಿದ್ದರು, ಈಗಿನ ಶೂ ಲೇಸಿನ ಹಾಗೆ ಎರಡು ಕಡೆಯಿಂದ ಅಡ್ಡಡ್ಡ ಅಲ್ಲ. ತೂತು ಎದುರುಬದುರು ಇದ್ದರೆ ಸುರುಳಿಯಲ್ಲಿ ಒಂದು ಅಂಚು ಮೇಲೆ ಏರಿಬಿಡುತ್ತದೆ. ಅದಕ್ಕೆ ಅರ್ಧ ಅರ್ಧ ಸರಿಸಿ ಇಡಬೇಕು, ಮೆಟ್ಟಿಲಿನ ಹಾಗೆ. ಸುರುಳಿಯ ಒಳ್ಳೆಯದು ಏನೆಂದರೆ ಒಂದೇ ಕೈಯಲ್ಲಿ ಎಳೆದು ಬಿಗಿಯಬಹುದು. ಎಡಪಕ್ಕದಲ್ಲಿ ತೂತು ಇದ್ದರೆ ಬಲಗೈ ಎದೆಯ ಮುಂದಿನಿಂದ ಸಲೀಸಾಗಿ ಬರುತ್ತದೆ. ಯಾರೂ ಬಂದು ಕಟ್ಟಬೇಕಿಲ್ಲ. ನಾನು ಪ್ರತಿ ಬೆಳಿಗ್ಗೆ ಕನ್ನಡಿ ಇಲ್ಲದೆ ಕಟ್ಟಿಕೊಳ್ಳುವುದನ್ನು ಒಂದು ವಾರದಲ್ಲಿ ಕಲಿತೆ.

ಲಾಡಿಯನ್ನೂ ನಾನೇ ಹೆಣೆದೆ. ಬೆರಳುಗಳಿಗೆ ದಾರದ ಕುಣಿಕೆ ಹಾಕಿಕೊಂಡು, ಒಂದು ಕೈಯ ಬೆರಳಿಂದ ಇನ್ನೊಂದು ಕೈಯ ಬೆರಳಿಗೆ ದಾಟಿಸುತ್ತಾ ಹೆಣೆಯುವ ಕ್ರಮ ಒಂದಿದೆ, ಅದನ್ನು ಹೇಳಿಕೊಡುವ 15ನೇ ಶತಮಾನದ ಬರಹಗಳೇ ಉಳಿದಿವೆ. ಐದು ಕುಣಿಕೆಯದು ಸುಲಭ. ದಾರದ ಒಂದು ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಹಿಂದೆ ಸರಿಯುತ್ತಾ ಹೆಣೆಯಬೇಕು. ಪ್ರತಿ ಸಲ ಎರಡೂ ತೋಳು ಅಗಲ ಮಾಡಿ ಎಳೆದರೆ ಹೆಣಿಗೆ ಬಿಗಿಯುತ್ತದೆ. ಅಮ್ಮ ಸೀರೆಗೆ ಕುಚ್ಚು ಕಟ್ಟುವಾಗ ಇದೇ ಥರ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿ ಎಳೆಯುತ್ತಿದ್ದಳು. ಒಂದೂವರೆ ಮೀಟರ್ ಲಾಡಿಗೆ ಎರಡು ಸಂಜೆ.

ಲೇಸಿನ ಭಾಗವನ್ನು ನಾನು ಪೂರ್ತಿ ಮಾಡಿಲ್ಲ, ನಿಜ ಹೇಳುತ್ತೇನೆ. ಸೂಜಿ ಲೇಸು ಅಂದರೆ ಬಟ್ಟೆಯೇ ಇಲ್ಲದೆ, ಬರೀ ಕಾಜಾ ಹೊಲಿಗೆಯನ್ನು ಗಾಳಿಯಲ್ಲಿ ಹಾಕುತ್ತಾ ಹೋಗುವುದು, ಹಿಂದಿನ ಸಾಲಿನ ಕುಣಿಕೆಗೆ ಮುಂದಿನ ಸಾಲು. ಫೋಟೋದಲ್ಲಿ ಅದರ ವಿನ್ಯಾಸ ನನಗೆ ಎಳೆಎಳೆಯಾಗಿ ಕಾಣುತ್ತಿರಲಿಲ್ಲ. ಕಾಣದ್ದನ್ನು ನನ್ನ ಇಷ್ಟಕ್ಕೆ ತುಂಬಿ, ಇದೇ ಆ ವಿನ್ಯಾಸ ಅಂತ ತೋರಿಸಲು ಮನಸ್ಸು ಬರಲಿಲ್ಲ. ಎದೆಯ ಮೇಲಂಚಿಗೆ ಒಂದೇ ಒಂದು ಸಾಲು ಹಾಕಿ ಬಿಟ್ಟೆ. ಅಷ್ಟಕ್ಕೇ ಅಂಚು ಎಷ್ಟು ಗಟ್ಟಿಯಾಯಿತು ಅಂದರೆ, ಲೇಸು ಬರೀ ಅಂದಕ್ಕೆ ಅಲ್ಲ, ಎಳೆಯುವ ಅಂಚನ್ನು ಹಿಡಿದಿಡಲೂ ಅದು ಕೆಲಸಕ್ಕೆ ಬರುತ್ತದೆ ಅಂತ ಈಗ ನನ್ನ ನಂಬಿಕೆ. ಇಂಥದ್ದನ್ನೆಲ್ಲ ಹೊರಗೆ ಕಾಣದ ಒಳಉಡುಪಿಗೆ ಮಾಡಿದ್ದಾರಲ್ಲ, ಅದನ್ನು ನೆನೆದರೆ ಆ ಹೆಂಗಸಿನ ಮೇಲೆ ಪ್ರೀತಿ ಉಕ್ಕುತ್ತದೆ.

ಬೆನ್ನಿಗೆ ಒಂದೇ ಸಾದಾ ತುಂಡು, ದಪ್ಪ ಲಿನನ್, ನೂಲು ನೇರ. ಬಲಪಕ್ಕ ಹೊಲಿದು ಮುಚ್ಚಿದೆ. ಇದು ನನ್ನ ಊಹೆ. ಎಡಪಕ್ಕ ಬಿಚ್ಚಿದರೆ ತೊಡಲು ಸಾಕಾಗುತ್ತದೆ, ಎರಡು ಕಡೆ ಲಾಡಿ ಬೇಕಿಲ್ಲ ಅನ್ನಿಸಿದ್ದರಿಂದ ಹಾಗೆ ಮಾಡಿದೆ.

ಮೊದಲ ಸಲ ಪೂರ್ತಿ ಕಟ್ಟಿಕೊಂಡು ನಿಂತಾಗ ನಾನು ಸ್ವಲ್ಪ ಹೊತ್ತು ಅಲ್ಲಾಡಲಿಲ್ಲ. ಪಕ್ಕೆಲುಬಿನ ಸುತ್ತ ಎರಡು ಅಂಗೈ ಇಟ್ಟು ಹಿಡಿದ ಹಾಗೆ. ಹೆಗಲಿನ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡಿದೆ, ಸಡಿಲ. ಅಂದರೆ ಅಲ್ಲಿ ಭಾರವೇ ಇಲ್ಲ! ಕುಣಿದೆ, ಬಗ್ಗಿದೆ, ಮಹಡಿ ಹತ್ತಿ ಇಳಿದೆ. ಬಟ್ಟಲು ಜಾಗ ಬಿಡಲಿಲ್ಲ. ಮೂರು ತಿಂಗಳ ಹಿಂದೆ ಬರೀ ಅಲಂಕಾರದ್ದು ಅಂದುಕೊಂಡಿದ್ದೆನಲ್ಲ, ಆ ಮಾತು ವಾಪಸ್ ತೆಗೆದುಕೊಂಡೆ.

ಆಮೇಲೆ ಇಡೀ ದಿನ ತೊಟ್ಟು ನೋಡಿದೆ. ಬೆಳಿಗ್ಗೆ ಚಪಾತಿ ಲಟ್ಟಿಸುವಾಗ, ಸೈಕಲ್ಲಿನಲ್ಲಿ ಆಫೀಸಿಗೆ, ಮಧ್ಯಾಹ್ನ ಎಂಟು ಜನರ ಮೀಟಿಂಗಿನಲ್ಲಿ. ಹನ್ನೆರಡು ಗಂಟೆ ಹೊತ್ತಿಗೆ ಮೈಯ ಬಿಸಿಗೆ, ಬೆವರಿಗೆ ಲಿನನ್ ಸ್ವಲ್ಪ ಸಡಿಲವಾಗುತ್ತದೆ. ಬಾತ್‌ರೂಮಿಗೆ ಹೋಗಿ ಲಾಡಿಯನ್ನು ಒಂದು ಬೆರಳಷ್ಟು ಎಳೆದು ಮತ್ತೆ ಕಟ್ಟಬೇಕು. ಅದಾದ ಮೇಲೆ ಸಂಜೆವರೆಗೆ ಚಿಂತೆ ಇಲ್ಲ. ಊಟ ಜಾಸ್ತಿ ಆದ ದಿನ ಸ್ವಲ್ಪ ಸಡಿಲ ಮಾಡಲೂ ಬರುತ್ತದೆ, ಎಲಾಸ್ಟಿಕ್‌ನಲ್ಲಿ ಆ ಅನುಕೂಲ ಎಲ್ಲಿದೆ? ತಿಂಗಳಲ್ಲಿ ಮೈ ಹೆಚ್ಚುಕಮ್ಮಿ ಆಗುವ ದಿನಗಳಿಗೂ ಅದೇ ಬಟ್ಟೆ ಸರಿಹೋಗುತ್ತದೆ. ರಾತ್ರಿ ಬಿಚ್ಚಿದಾಗ ಚರ್ಮದ ಮೇಲೆ ಕೆಂಪು ಗೀಟು ಇರಲಿಲ್ಲ. ನನ್ನ ಯಾವ ಬ್ರಾ ಬಿಚ್ಚಿದರೂ ಇರುವ ಗೀಟು ಅದು.

ಮೇ ತಿಂಗಳಲ್ಲಿ ಕೋಟೆ ನೋಡಲು ಹೋದೆವು. ಮ್ಯೂನಿಕ್‌ನಿಂದ ಕಿಟ್ಸ್‌ಬ್ಯೂಲ್ ದಾಟಿ, ಫೆಲ್ಬರ್‌ಟೌವರ್ನ್ ಸುರಂಗದೊಳಗೆ ಐದು ಕಿಲೋಮೀಟರಿಗೂ ಜಾಸ್ತಿ ಹೋಗಿ ಆಚೆ ಬಂದರೆ ಪೂರ್ವ ಟಿರೋಲ್. ಲೀನ್ಸ್ ಊರಿನಿಂದ ಡ್ರಾವು ನದಿಯ ಪಕ್ಕದಲ್ಲೇ ಸ್ವಲ್ಪ ಮುಂದೆ ನಿಕೋಲ್ಸ್‌ಡೋರ್ಫ್. ದಾರಿಯುದ್ದಕ್ಕೂ ಅದನ್ನೇ ತೊಟ್ಟಿದ್ದೆ, ಮೇಲೆ ಒಂದು ಕುರ್ತಾ. ಕೋಟೆಯ ಕೆಳಗೆ ರಸ್ತೆಯಲ್ಲಿ ನಿಂತು ಮೇಲೆ ನೋಡಿದೆವು, ಒಳಗೆ ಹೋಗಲಿಲ್ಲ. ದಪ್ಪ ಗೋಡೆ, ಸಣ್ಣ ಕಿಟಕಿ. ಆ ಕಿಟಕಿಗಳಲ್ಲಿ ಯಾವುದೋ ಒಂದರ ಹಿಂದಿನ ನೆಲದ ಕೆಳಗೆ ಅದು ಐನೂರು ವರ್ಷ ಮಲಗಿತ್ತು. ಹರಿದದ್ದು, ಇನ್ನು ತೊಡಲು ಬಾರದ್ದು ಅಂತ ಯಾರೋ ಕಸಕ್ಕೆ ಹಾಕಿದ್ದು. ನಾನು ಕುರ್ತಾದ ಮೇಲಿಂದಲೇ ಎಡಪಕ್ಕದ ತೂತುಗಳನ್ನು ಮುಟ್ಟಿ ಎಣಿಸಿದೆ. ಕಣ್ಣು ತುಂಬಿತು. ಗಂಡ ಏನೂ ಕೇಳಲಿಲ್ಲ, ನೀರಿನ ಬಾಟಲಿ ಕೊಟ್ಟರು.

ಅಲ್ಲಿಂದಲೇ ಅಮ್ಮನಿಗೆ ಫೋಟೋ ಕಳಿಸಿದೆ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಹೆಗಲು ನೋಯಲ್ವಾ ನಿಜವಾಗ್ಲೂ?"

"ಇಲ್ಲಮ್ಮ. ಪಟ್ಟಿ ಸಡಿಲವಾಗೇ ಇದೆ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಮೂವತ್ತು ವರ್ಷ ಮೆಷಿನ್ ಮುಂದೆ ಬಗ್ಗಿ ಬಗ್ಗಿ ಅವಳ ಎರಡೂ ಹೆಗಲು ಹೋಗಿವೆ, ಬ್ರಾ ಪಟ್ಟಿ ತಾಗಿದರೂ ಆಗುವುದಿಲ್ಲ.

"ಹಂಗಾದ್ರೆ ನಂಗೂ ಒಂದ್ ಹೊಲಿ. ಅಳತೆ ನಾನೇ ತೆಗ್ದು ಕಳಿಸ್ತೀನಿ. ಆದ್ರೆ ತೂತು ಆ ಕಡೆ ಬೇಡ ಕಣೇ, ನಂಗೆ ಎಡಗೈ ತಾನೇ ಓಡೋದು. ಬಲಗಡೆ ಹಾಕು."

ಲಿನನ್ ನೆನೆಸಿ ಒಣಗಿಸಿ ಆಗಿದೆ. ನಿನ್ನೆ ರಾತ್ರಿ ಬಲಗಡೆ ಮೊದಲ ಎರಡು ತೂತು ಮುಗಿಸಿದೆ.